ತೊಗಲನ್ನು ತಿರುವಿ ನೋಡು, ತಂಗೀ

ತಂಗೀ, ಹೋದ ಭಾನುವಾರ ನೀನು ಬಂದಾಗ ನಿನ್ನ ಚೀಲದಿಂದ ಎರಡು ವಸ್ತು ಹೊರಬಂದವು. ಒಂದು, ನೀನೇ ಹೊಲಿದ ಪುಟ್ಟ ಪಾಕೀಟು. ಇನ್ನೊಂದು, ಅದನ್ನು ಹೊಲಿಯಲೆಂದು ಆನ್‌ಲೈನಿನಲ್ಲಿ ತರಿಸಿದ 48 ಸಾಮಾನಿನ ಡಬ್ಬಿ. ಹೊಲಿಗೆ ನೆಟ್ಟಗಿತ್ತು. ಅಂಚು ಮಾತ್ರ ನೆನೆದ ರಟ್ಟಿನ ಹಾಗೆ ಪದರ ಪದರವಾಗಿ ಬಿಟ್ಟುಕೊಂಡಿತ್ತು. "ಕಾಕಾ, ನನ್ನ ಕೈಯಾಗ ಏನೋ ಐಬು ಐತಿ" ಅಂದೆ. ನಾನು ಪಾಕೀಟನ್ನು ಮೂಸಿದೆ, ಬಿಚ್ಚಿ ಒಳಗಡೆ ನೋಡಿದೆ, ನಗು ಬಂತು. ಐಬು ನಿನ್ನ ಕೈಯದಲ್ಲ. ಚರ್ಮದ ಪುಡಿಯನ್ನು ಅಂಟಿನಲ್ಲಿ ಕಲಸಿ, ಹಾಳೆ ಮಾಡಿ, ಮೇಲೆ ಪ್ಲಾಸ್ಟಿಕ್ಕಿನ ಪದರ ಬಳಿದ ಮಾಲು ಅದು. ಮಾರುವವರು ಅದಕ್ಕೆ ಬಾಂಡೆಡ್ ಲೆದರ್ ಅನ್ನುತ್ತಾರೆ. ಬ್ರಹ್ಮನೇ ಬಂದು ಹೊಲಿದರೂ ಅದರ ಅಂಚು ನಿಲ್ಲುವುದಿಲ್ಲ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಗಾದೆಯನ್ನು ನಮ್ಮಪ್ಪ ದಿನಕ್ಕೆ ನಾಲ್ಕು ಸಲ ನನ್ನ ಮೇಲೆ ಎಸೆಯುತ್ತಿದ್ದ. ಆದರೆ ನಮ್ಮ ಕಸುಬಿನಲ್ಲಿ ನೆಲ ನಿಜವಾಗಿಯೂ ಡೊಂಕಿರಬಹುದು. ಪಳಗಿದ ಕೈ ಕೆಟ್ಟ ತೊಗಲಿನಿಂದಲೂ ಹೇಗೋ ಒಂದು ಸಾಮಾನು ಎಬ್ಬಿಸುತ್ತದೆ, ಮೋಸ ಎಲ್ಲಿದೆ ಎಂದು ಅದಕ್ಕೆ ಗೊತ್ತು. ಹೊಸಬರಿಗೆ ಆ ಗುರುತು ಇರುವುದಿಲ್ಲ. ಅಂಚು ಬಿಟ್ಟರೂ, ಬೆಲ್ಟು ಹಿಗ್ಗಿದರೂ, ಮಡಿಕೆ ಸೀಳಿದರೂ ತಮ್ಮ ಕೈಯನ್ನೇ ಬೈದುಕೊಳ್ಳುತ್ತಾರೆ; ಮೂರು ತಿಂಗಳಿಗೆ ಸಾಮಾನೆಲ್ಲ ಅಟ್ಟ ಸೇರುತ್ತದೆ. "ಕಲಿಯುವವರಿಗೆ ಅಗ್ಗದ ಚರ್ಮ ಸಾಕು" ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡ. ಕಲಿಯುವವರಿಗೇ ಒಳ್ಳೆಯ ಚರ್ಮ ಬೇಕು. ಅಂಗೈಯಷ್ಟು ಕೊಂಡರೂ ಸರಿ, ಒಳ್ಳೆಯದನ್ನು ಕೊಳ್ಳು. ನನ್ನ ಮಾತಿನ ಸಾರ ಇಷ್ಟೇ. ಮುಂದಿನದೆಲ್ಲ ಅದರ ವಿವರ.

ನಾನೂ ಕೈ ಸುಟ್ಟುಕೊಂಡೇ ಕಲಿತವನು. ಅಥಣಿಯಿಂದ ಬೆಂಗಳೂರಿಗೆ ಬಂದ ಹೊಸತು. ಒಂದು ಅಂಗಡಿಯಲ್ಲಿ ಕನ್ನಡಿಯ ಹಾಗೆ ಹೊಳೆಯುವ ಕಪ್ಪು ಚರ್ಮ ನೋಡಿ ಮರುಳಾದೆ. ರೇಟೂ ಕಡಿಮೆ. ತಂದು ಎರಡು ಡಜನ್ ಬೆಲ್ಟು ಹೊಲಿದೆ. ಮೂರು ತಿಂಗಳಲ್ಲಿ ಒಂದೊಂದೇ ವಾಪಸು ಬಂದವು. ಕೆಲವು ಮೂರನೇ ತೂತಿನ ಹತ್ತಿರ ಬಿರುಕು ಬಿಟ್ಟಿದ್ದವು, ಕೆಲವು ಎರಡು ಬೆರಳು ಉದ್ದವಾಗಿದ್ದವು. ಬಿರುಕಿಗೆ ಕಾರಣ ಮೇಲಿನ ಬಣ್ಣದ ಲೇಪ, ಹಿಗ್ಗಿದ್ದಕ್ಕೆ ಕಾರಣ ಅದು ಹೊಟ್ಟೆಯ ಭಾಗದ ತೊಗಲು. ಆವತ್ತು ನಾನು ಮುಖ ನೋಡಿ ಕೊಂಡಿದ್ದೆ, ತಿರುವಿ ನೋಡಿರಲಿಲ್ಲ.

ಚರ್ಮ ಆರಿಸುವ ಮುಂಚೆ ಅದು ಹದವಾಗುವ ಬಗೆ ತಿಳಿದಿರಬೇಕು. ನಾನು ಹುಡುಗನಾಗಿದ್ದಾಗ ನಮ್ಮೂರಲ್ಲಿ ತೊಗಲನ್ನೇ ಚೀಲದ ಹಾಗೆ ಹೊಲಿದು ತೂಗುಹಾಕುತ್ತಿದ್ದರು. ಅದರೊಳಗೆ ಜಾಲಿಯ ತೊಗಟೆ, ಅಳಲೆಕಾಯಿ ಮತ್ತು ನೀರು. ಕಂದು ನೀರು ಹನಿಹನಿಯಾಗಿ ಕೆಳಗಿನ ಬಾನಿಗೆ ಬೀಳುವುದು, ಅದನ್ನು ಮತ್ತೆ ಮೇಲಕ್ಕೆ ಸುರಿಯುವುದು. ಹೀಗೆ ವಾರಗಟ್ಟಲೆ. ತೊಗಟೆಯ ಒಗರು ಒಳಗೆ ಇಳಿದಾಗ ತೊಗಲು ಕೊಳೆಯುವುದನ್ನು ಬಿಟ್ಟು ಚರ್ಮವಾಗುತ್ತದೆ. ಇದೇ ಇಂದಿನ ವೆಜ್ ಟ್ಯಾನ್. ತಮಿಳುನಾಡಿನ ತಿರುಚ್ಚಿ, ದಿಂಡಿಗಲ್, ಈರೋಡಿನ ಕಡೆ ತಂಗಡಿಯ ತೊಗಟೆಯಲ್ಲಿ ಹದ ಮಾಡುತ್ತಿದ್ದ ಚರ್ಮ ಈಸ್ಟ್ ಇಂಡಿಯಾ ಲೆದರ್ ಎಂಬ ಹೆಸರಿನಲ್ಲಿ ಹಡಗು ಹತ್ತುತ್ತಿತ್ತು. ದಾರಿ ಬದಿಯಲ್ಲಿ ಹಳದಿ ಹೂ ಬಿಡುವ ನಮ್ಮ ತಂಗಡಿ ಗಿಡವೇ ಅದು.

ಇನ್ನೊಂದು ಕ್ರೋಮ್. ಕ್ರೋಮಿಯಂ ಲವಣದಲ್ಲಿ ಒಂದೆರಡು ದಿನದಲ್ಲೇ ಹದವಾಗುತ್ತದೆ. ಮೆದು, ನೀರಿಗೆ ಹೆದರುವುದಿಲ್ಲ, ಯಾವ ಬಣ್ಣವಾದರೂ ಹಿಡಿಯುತ್ತದೆ. ದಕ್ಷಿಣದಲ್ಲಿ ಇದಕ್ಕೆ ನೆಲೆ ಮಾಡಿಕೊಟ್ಟವರು ಆಲ್ಫ್ರೆಡ್ ಚಾಟರ್ಟನ್. 20ನೇ ಶತಮಾನದ ಮೊದಲ ವರ್ಷಗಳಲ್ಲಿ ಮದರಾಸಿನಲ್ಲಿ ಅವರು ಕ್ರೋಮ್ ಪ್ರಯೋಗ ನಡೆಸಿದಾಗ ಕಣ್ಣಮುಂದೆ ಇದ್ದದ್ದು ಬೂಟಷ್ಟೇ ಅಲ್ಲ, ಬಾವಿಯ ನೀರೆತ್ತುವ ಕಪಿಲೆಯ ತೊಗಲ ಚೀಲ. ಯಾವಾಗಲೂ ನೀರಿನಲ್ಲೇ ಇರುವ ಆ ಚೀಲಕ್ಕೆ ಬೇಗ ಹಾಳಾಗದ ಚರ್ಮ ಬೇಕಿತ್ತು. ಮುಂದೆ ಅವರೇ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ನಿರ್ದೇಶಕರಾಗಿ ಬಂದರು.

ಎರಡರಲ್ಲಿ ಮೇಲು ಕೀಳು ಇಲ್ಲ, ಕೆಲಸ ಬೇರೆ. ಮೆತ್ತನೆಯ ಹೆಗಲ ಚೀಲಕ್ಕೆ, ಜಾಕೆಟ್ಟಿಗೆ, ಬೂಟಿನ ಮೇಲ್ಭಾಗಕ್ಕೆ ಕ್ರೋಮ್. ಬೆಲ್ಟು, ಪಾಕೀಟು, ಕೀಲಿಪಟ್ಟಿ, ಚಪ್ಪಲಿ, ಅಚ್ಚು ಒತ್ತುವ ಕೆಲಸ ಎಲ್ಲಕ್ಕೂ ವೆಜ್ ಟ್ಯಾನ್. ಕೈಯಲ್ಲಿ ಹೊಲಿಯಲು ಕಲಿಯುವವರು ವೆಜ್ ಟ್ಯಾನಿನಿಂದಲೇ ಶುರು ಮಾಡಬೇಕು. ಅದು ಬಿಗಿಯಾಗಿ ನಿಲ್ಲುತ್ತದೆ, ಕತ್ತಿಗೆ ಜಾರುವುದಿಲ್ಲ, ಹಾಕಿದ ಗೆರೆ ಹಾಗೇ ಉಳಿಯುತ್ತದೆ, ಉಜ್ಜಿದರೆ ಅಂಚು ಗಾಜಿನಂತೆ ಹೊಳಪಾಗುತ್ತದೆ. ತಪ್ಪು ಮಾಡಿದರೆ ಅದನ್ನೂ ಮುಚ್ಚಿಡದೆ ತೋರಿಸುತ್ತದೆ. ಕಲಿಯುವವರಿಗೆ ಅಂಥ ಮೇಷ್ಟ್ರೇ ಬೇಕು.

ಈಗ ಅಂಗಡಿಗೆ ಹೋಗೋಣ. ಅದಕ್ಕಿಂತ ಮುಂಚೆ ಮನೆಯಲ್ಲೇ ಒಂದು ಕೆಲಸ ಮುಗಿಸು: ಏನು ಮಾಡುತ್ತೀ ಎಂದು ತೀರ್ಮಾನಿಸಿ, ಕಾಗದದಲ್ಲಿ ಅಚ್ಚು ಕತ್ತರಿಸಿಕೋ. "ಚರ್ಮ ಕೊಡಿ" ಅಂದವರಿಗೆ ಅಂಗಡಿಯವರು ಉಳಿದ ಮಾಲು ತೋರಿಸುತ್ತಾರೆ. "ಬೆಲ್ಟಿಗೆ ಮೂರೂವರೆ ಎಂಎಂ ವೆಜ್ ಟ್ಯಾನ್, ಬೆನ್ನಿನ ಭಾಗದ್ದು ಕೊಡಿ" ಅಂದವರಿಗೆ ಕುರ್ಚಿ ಹಾಕುತ್ತಾರೆ. ದಪ್ಪದ ಲೆಕ್ಕ ಬಾಯಿಪಾಠ ಇರಲಿ. ಪಾಕೀಟಿಗೆ 1ರಿಂದ 1.2 ಮಿ.ಮೀ., ಅದರ ಒಳಜೇಬಿಗೆ 0.8. ಕೀಲಿಪಟ್ಟಿಗೆ 2. ಗಟ್ಟಿ ಚೀಲಕ್ಕೆ 2ರಿಂದ 2.5. ಬೆಲ್ಟಿಗೆ 3ರಿಂದ 4. ವಿದೇಶದ ಮಾಲಿನಲ್ಲಿ ದಪ್ಪವನ್ನು ಔನ್ಸಿನಲ್ಲಿ ಬರೆದಿರುತ್ತಾರೆ. ಒಂದು ಔನ್ಸ್ ಅಂದರೆ ಸುಮಾರು 0.4 ಮಿ.ಮೀ. ದಪ್ಪ ಅಳೆಯುವ ಒಂದು ಸಣ್ಣ ಕ್ಯಾಲಿಪರ್ ಜೇಬಿನಲ್ಲಿರಲಿ, ನಾಲ್ಕು ಕಡೆ ಅಳೆ. ಒಂದೇ ತೊಗಲು ಬೆನ್ನಿನಲ್ಲಿ ಒಂದು ದಪ್ಪ, ಹೊಟ್ಟೆಯಲ್ಲಿ ಇನ್ನೊಂದು ದಪ್ಪ ಇರುತ್ತದೆ.

ಅಂಗಡಿಯವರು ತೊಗಲನ್ನು ಮೇಜಿನ ಮೇಲೆ ಹಾಸುವುದು ಮುಖ ಮೇಲಾಗಿ. ನೀನು ಮೊದಲು ಮಾಡಬೇಕಾದದ್ದು ಅದನ್ನು ತಿರುವಿ ಹಾಕುವುದು. ಮುಖಕ್ಕೆ ಬಣ್ಣ ಬಳಿಯಬಹುದು, ಹಿಂಬದಿಗೆ ಸುಳ್ಳು ಹೇಳಲು ಬರುವುದಿಲ್ಲ. ಅಲ್ಲಿ ನಾರು ಹತ್ತಿರ ಹತ್ತಿರ, ಒತ್ತಾಗಿ ಇದ್ದರೆ ಒಳ್ಳೆಯದು. ಹತ್ತಿಯ ಹಾಗೆ ಸಡಿಲವಾಗಿ ಎದ್ದು ಬರುತ್ತಿದ್ದರೆ ಬೇಡ. ಸುಲಿಯುವಾಗ ಬಿದ್ದ ಕತ್ತಿಯ ಗಾಯಗಳು ಕಾಣುವುದೂ ಹಿಂದೆಯೇ. ಬೆರಳಾಡಿಸು. ಅರ್ಧ ದಪ್ಪದವರೆಗೆ ಇಳಿದ ಗಾಯ ಇದ್ದರೆ ನಿನ್ನ ಬೆಲ್ಟು ಒಂದು ದಿನ ಅಲ್ಲೇ ಹರಿಯುತ್ತದೆ.

ಆಮೇಲೆ ಮುಖ. ಉಣ್ಣೆ ಕಚ್ಚಿದ ಚುಕ್ಕೆ, ಮುಳ್ಳು ಗೀರಿದ ಗೆರೆ, ಹಾಕಿದ ಬರೆ, ಕತ್ತಿನ ಮೇಲೆ ನೊಗದ ಗುರುತು ಇವೆಲ್ಲ ಕಂಡರೆ ಗಾಬರಿಯಾಗಬೇಡ. ಆ ಪ್ರಾಣಿ ಬದುಕಿತ್ತು, ದುಡಿದಿತ್ತು ಅನ್ನುವುದಕ್ಕೆ ಸಾಕ್ಷಿ ಅದು. ಸಣ್ಣ ಕಲೆಯನ್ನು ಒಳಜೇಬಿಗೆ ತಿರುಗಿಸಬಹುದು. ಒಂದೇ ಒಂದು ಕಲೆಯೂ ಇಲ್ಲದೆ, ಇಡೀ ತೊಗಲಿನ ಮೇಲೆ ಒಂದೇ ಅಳತೆಯ ಗುಳಿ ಸಾಲಾಗಿ ಕಂಡರೆ ಅನುಮಾನಪಡು. ಮೇಲ್ಪದರವನ್ನು ಉಜ್ಜಿ ತೆಗೆದು, ಬಣ್ಣ ಬಳಿದು, ಯಂತ್ರದಲ್ಲಿ ಅಚ್ಚು ಒತ್ತಿದ ಮಾಲು ಅದು. ಬಗ್ಗಿಸಿ ನೋಡು. ಒಳ್ಳೆಯ ತೊಗಲು ಅಜ್ಜಿಯ ಅಂಗೈಯಂತೆ ಸಣ್ಣ ಸಣ್ಣ ಗೆರೆ ಬಿಟ್ಟು ಮತ್ತೆ ಸಮವಾಗುತ್ತದೆ. ಲೇಪದ ತೊಗಲು ಕಾಗದದಂತೆ ಒಂದೇ ಗಟ್ಟಿ ಮಡಿಕೆ ಬೀಳುತ್ತದೆ. ಕತ್ತರಿಸಿದ ಅಂಚು ನೋಡು. ಬಣ್ಣ ಹಾಕದ ವೆಜ್ ಟ್ಯಾನ್ ಮೇಲಿಂದ ಕೆಳಗಿನವರೆಗೂ ಬಿಸ್ಕತ್ತಿನ ಬಣ್ಣ; ಕ್ರೋಮಿನಲ್ಲಿ ಎಷ್ಟೋ ಸಲ ನಡುವೆ ನೀಲಿ-ಬೂದು ಗೆರೆ. ಉಗುರಿನಿಂದ ಒತ್ತಿದರೆ ವೆಜ್ ಟ್ಯಾನಿನಲ್ಲಿ ಗುರುತು ನಿಲ್ಲುತ್ತದೆ. ಅಂಗಡಿಯವರ ಅಪ್ಪಣೆ ಕೇಳಿ ಮೂಲೆಯಲ್ಲಿ ಒಂದು ಹನಿ ನೀರು ಬಿಡು: ಹೀರಿಕೊಂಡು ಕಪ್ಪಾದರೆ ಮೈ ಬಿಚ್ಚಿಕೊಂಡಿದೆ, ಮುತ್ತಿನಂತೆ ನಿಂತರೆ ಮೇಲೆ ಲೇಪವಿದೆ. ಬೆಂಕಿ ಹಚ್ಚಿ ನೋಡುವ ಪರೀಕ್ಷೆಯನ್ನು ಮನೆಯಲ್ಲಿ ಚೂರಿನ ಮೇಲೆ ಮಾಡು. ಚರ್ಮವಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ರೆಕ್ಸಿನ್ ಆದರೆ ಕರಗಿ ಉಂಡೆಯಾಗುತ್ತದೆ.

ಲೇಬಲ್ಲಿನ ಹೆಸರುಗಳಿಗೆ ಮರುಳಾಗಬೇಡ. 'ಫುಲ್ ಗ್ರೇನ್' ಅಂದರೆ ಮೇಲ್ಪದರವನ್ನು ಮುಟ್ಟದೆ ಹಾಗೇ ಉಳಿಸಿದ್ದು. ನಿನಗೆ ಬೇಕಾದದ್ದು ಅದು. 'ಟಾಪ್ ಗ್ರೇನ್' ಎಂದು ಮಾರುವುದು ಸಾಮಾನ್ಯವಾಗಿ ಮೇಲ್ಮೈ ಉಜ್ಜಿ ನಯ ಮಾಡಿದ್ದು. 'ಸ್ಪ್ಲಿಟ್' ಅಂದರೆ ದಪ್ಪ ತೊಗಲನ್ನು ಸೀಳಿದಾಗ ಸಿಗುವ ಕೆಳಗಿನ ಪದರ. ಅಸ್ತರಕ್ಕೆ, ಕೆಲಸದ ಕೈಗವಸಿಗೆ ಸರಿ, ಬೆಲ್ಟಿಗಲ್ಲ. 'ಜೆನ್ಯೂಯಿನ್ ಲೆದರ್' ಅಂದರೆ ಚರ್ಮ ಹೌದು, ಅಷ್ಟೇ. ಅಕ್ಕಿ ಅಂಗಡಿಯಲ್ಲಿ "ಇದು ನಿಜವಾದ ಅಕ್ಕಿ" ಎಂದು ಬೋರ್ಡು ಹಾಕಿದ ಹಾಗೆ.

ತೊಗಲಿನ ಮೈಯ ಭೂಗೋಳವೂ ಗೊತ್ತಿರಲಿ. ಬೆನ್ನು ಮತ್ತು ಹಿಂಭಾಗ ಗಟ್ಟಿ, ಹಿಗ್ಗುವುದು ಕಡಿಮೆ. ಬೆಲ್ಟನ್ನು ಬೆನ್ನುಮೂಳೆಯ ಗೆರೆಗೆ ಸಮಾನಾಂತರವಾಗಿ ಇಲ್ಲಿಂದಲೇ ತೆಗೆಯಬೇಕು. ಹೆಗಲಿನ ಭಾಗದಲ್ಲಿ ಸುಕ್ಕು ಇರುತ್ತದೆ, ಬೆಲೆ ಹಿತವಾಗಿರುತ್ತದೆ. ಪಾಕೀಟಿಗೆ, ಪುಸ್ತಕದ ಹೊದಿಕೆಗೆ ಚೆನ್ನ. ಹೊಟ್ಟೆ ರಬ್ಬರಿನ ಹಾಗೆ. ಅದನ್ನು ಅಭ್ಯಾಸಕ್ಕೆ ಇಟ್ಟುಕೋ. ನಮ್ಮ ಕಡೆ ಸಿಗುವ ದಪ್ಪ ತೊಗಲು ಬಹುಪಾಲು ಎಮ್ಮೆ, ಕೋಣದ್ದು. ಮೈ ಒರಟು, ಬಾಳಿಕೆ ಜಾಸ್ತಿ. ಆಡಿನದು ತೆಳು, ಆದರೆ ಗಟ್ಟಿ, ಪಾಕೀಟಿಗೆ ಬಂಗಾರದಂಥದ್ದು. ಕುರಿಯದು ಮೆದು, ಅಸ್ತರಕ್ಕೆ ಸಾಕು. ಯಾವ ಪ್ರಾಣಿಯದು ಎಂದು ಬಾಯಿಬಿಟ್ಟು ಕೇಳು, ರಸೀದಿಯಲ್ಲಿ ಬರೆಸಿಕೊಂಡು ಜೊತೆಗಿಟ್ಟುಕೋ.

ಬೆಲೆ ಚದರ ಅಡಿಯ ಲೆಕ್ಕ. ಇಡೀ ಆಡಿನ ಚರ್ಮ 4ರಿಂದ 6 ಅಡಿ ಇರುತ್ತದೆ. ಎಮ್ಮೆಯ ಅರ್ಧ ತೊಗಲು, ಅಂದರೆ 'ಸೈಡ್', ಅದರ ನಾಲ್ಕು ಪಟ್ಟಾದರೂ ಆಶ್ಚರ್ಯವಿಲ್ಲ. ಯಂತ್ರದಲ್ಲಿ ಅಳೆದು ಹಿಂಬದಿಯಲ್ಲಿ ಅಂಕಿ ಬರೆದಿರುತ್ತಾರೆ. 22ರ ತಲೆಯ ಪಕ್ಕ ಪುಟ್ಟದಾಗಿ 3 ಎಂದಿದ್ದರೆ ಅದು ಇಪ್ಪತ್ತೆರಡೂ ಮುಕ್ಕಾಲು ಅಡಿ. ಆ ಪುಟ್ಟ ಅಂಕಿ ಕಾಲು ಅಡಿಗಳ ಲೆಕ್ಕ. ಈಗ ಒಂದು ಲೆಕ್ಕ ಮಾಡು. ಒಂದು ತೊಗಲು 20 ಅಡಿ, ಅಡಿಗೆ 150 ರೂಪಾಯಿ ಅಂದುಕೋ, ಒಟ್ಟು 3000. ತೂತು, ಗಾಯ, ಜೋಲು ಹೊಟ್ಟೆ ಸೇರಿ 5 ಅಡಿ ಹೋದರೆ ಕೈಗೆ ಬಂದದ್ದು 15. ಅಡಿಗೆ 200 ಬಿತ್ತು. ಇನ್ನೊಂದು ಅಷ್ಟೇ ದೊಡ್ಡದು, ಅಡಿಗೆ 180; ಒಟ್ಟು 3600. ಹಾಳು 2 ಅಡಿ ಮಾತ್ರ, ಉಳಿದದ್ದು 18. ಅದಕ್ಕೂ ಅಡಿಗೆ 200ರೇ ಬಿತ್ತು. ಅಗ್ಗವೆಂದು ಕಂಡದ್ದು ಅಗ್ಗವಾಗಲಿಲ್ಲ, ಜೊತೆಗೆ ಗಾಯ ತಪ್ಪಿಸಿ ಕತ್ತರಿಸುವ ತಲೆನೋವು ನಿನ್ನದಾಯಿತು. ಅದಕ್ಕೇ ಕಾಗದದ ಅಚ್ಚು ಒಯ್ಯಲು ಹೇಳಿದ್ದು. ತೊಗಲಿನ ಮೇಲೆ ಇಟ್ಟು, ಎಷ್ಟು ತುಂಡು ಬರುತ್ತದೆ ಎಂದು ಅಲ್ಲೇ ಎಣಿಸು.

ಆದರೆ ಮೊದಲ ಆರು ತಿಂಗಳು ಇಡೀ ತೊಗಲು ಕೊಳ್ಳಲೇಬೇಡ. ಚೀಲ, ಬೂಟು ಮಾಡುವವರ ಹತ್ತಿರ ಉಳಿಯುವ ತುಂಡುಗಳನ್ನು ಕೆಲವು ಅಂಗಡಿಗಳು ತೂಕದ ಮೇಲೆ ಮಾರುತ್ತವೆ. ಕಾರ್ಡಿನ ಪಾಕೀಟಿಗೆ ಅರ್ಧ ಅಡಿ ಸಾಕು, ಮಡಿಸುವ ಪಾಕೀಟಿಗೆ ಒಂದೂವರೆ ಅಡಿ ಧಾರಾಳ. ಒಳ್ಳೆಯ ತೊಗಲಿನ ತುಂಡು ಕೆಟ್ಟ ತೊಗಲಿನ ಇಡಿಗಿಂತ ಮೇಲು. ಬೆಲ್ಟಿಗೆ ಮಾತ್ರ ಉದ್ದ ಬೇಕು. ಕತ್ತರಿಸಿದ ಪಟ್ಟಿಯನ್ನೇ ಕೇಳಿ ತೆಗೆದುಕೋ.

ಎಲ್ಲಿ ಕೊಳ್ಳಬೇಕು ಅಂದೆಯಲ್ಲ. ಬೆಂಗಳೂರಿನಲ್ಲಿ ಟ್ಯಾನರಿ ರಸ್ತೆ ಇದೆ, ಹೆಸರೇ ಅದರ ಕಥೆ ಹೇಳುತ್ತದೆ. ಅಲ್ಲಿಂದ ಶಿವಾಜಿನಗರದ ಕಡೆಯವರೆಗೆ ಒಂದು ದಿನ ಕಾಲ್ನಡಿಗೆಯಲ್ಲಿ ಸುತ್ತು, ಮೊದಲ ದಿನ ಏನೂ ಕೊಳ್ಳದೆ. ಮುಟ್ಟಿ ನೋಡುವುದೇ ಆ ದಿನದ ಪಾಠ. ಊರಿಗೆ ಹೋದಾಗ ಅಥಣಿ, ನಿಪ್ಪಾಣಿಯ ಕಡೆ ಚಪ್ಪಲಿ ಮಾಡುವ ಮನೆಗಳಿಗೆ ಹೋಗು. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಸಿಕ್ಕ ಭೌಗೋಳಿಕ ಗುರುತಿನಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಇವೆ ಎಂದು ಎಷ್ಟೋ ಜನಕ್ಕೆ ಗೊತ್ತಿಲ್ಲ. ತೊಗಟೆಯಲ್ಲಿ ಹದವಾದ ತೊಗಲು ಹೇಗಿರಬೇಕು ಎಂದು ಅಲ್ಲಿಯ ಹೆಂಗಸರು ಬೆರಳಿನಲ್ಲೇ ಹೇಳುತ್ತಾರೆ. ಲಿಡ್ಕರ್ ಮಳಿಗೆಗೂ ಒಮ್ಮೆ ಹೋಗು. 1976ರಲ್ಲಿ ಶುರುವಾದ ನಮ್ಮ ರಾಜ್ಯದ ಚರ್ಮ ಕೈಗಾರಿಕೆಯ ನಿಗಮ ಅದು. ಮುಗಿದ ಸಾಮಾನಿನ ಅಂಚು, ಹೊಲಿಗೆ, ಅಸ್ತರ ನೋಡಿ ಬಾ.

ದೊಡ್ಡ ಖರೀದಿಯ ಕಾಲ ಬಂದಾಗ ಚೆನ್ನೈನ ಪೆರಿಯಮೇಟ್ ಇದ್ದೇ ಇದೆ. ಸೆಂಟ್ರಲ್ ಸ್ಟೇಷನ್ನಿನಿಂದ ದೂರವಿಲ್ಲ, ಬೀದಿಗೆ ಬೀದಿಯೇ ಚರ್ಮದ ವ್ಯಾಪಾರ. ಹಗಲು ರೈಲಿನಲ್ಲಿ ಹೋಗು, ಕಿಟಕಿ ಪಕ್ಕ ಕುಳಿತುಕೋ. ಜೋಲಾರಪೇಟೆ ದಾಟಿದ ಮೇಲೆ ವಾಣಿಯಂಬಾಡಿ, ಆಂಬೂರು ಬರುತ್ತವೆ. ಊರಿನ ಹೆಸರು ಓದುವ ಮುಂಚೆಯೇ ಮೂಗಿಗೆ ಗೊತ್ತಾಗುತ್ತಿದ್ದ ಕಾಲವಿತ್ತು. ಪಾಲಾರ್ ನದಿಯ ಬಯಲಿನಲ್ಲಿ ಹದಗಾರಿಕೆಯ ನೀರು ಸೇರಿ ಬಾವಿಗಳು ಕೆಟ್ಟವು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿ 1996ರಲ್ಲಿ ತೀರ್ಪು ಬಂತು. ಕೆಡಿಸಿದವರೇ ದಂಡ ತೆರಬೇಕು, ಕೆಟ್ಟದ್ದನ್ನು ಸರಿಪಡಿಸಬೇಕು ಎಂಬ ಮಾತು ನಮ್ಮ ಕಾನೂನಿನಲ್ಲಿ ಬೇರೂರಿದ್ದರಲ್ಲಿ ಆ ತೀರ್ಪಿನ ಪಾಲು ದೊಡ್ಡದು. ತೊಗಟೆಯ ಹದವಾದರೂ ನೀರು ಕೆಡಿಸದೆ ಇರುವುದಿಲ್ಲ. ಅದಕ್ಕೇ "ಯಾವ ಟ್ಯಾನರಿಯ ಮಾಲು, ಅವರ ಕೊಳಕು ನೀರು ಎಲ್ಲಿ ಹೋಗುತ್ತೆ" ಎಂದು ಕೇಳುವ ಅಭ್ಯಾಸ ಮಾಡಿಕೋ. ಕೊಂಡದ್ದರಲ್ಲಿ ಒಂದು ಬೆರಳಗಲವನ್ನೂ ಬಿಸಾಡಬೇಡ.

ಆನ್‌ಲೈನಿನಲ್ಲಿ ತರಿಸುವುದೇ ಆದರೆ ಮೊದಲು ಸ್ಯಾಂಪಲ್ ತುಂಡು ಕೇಳು. ಹಿಂಬದಿಯ ಫೋಟೋ ಕೇಳು. ಎಲ್ಲಿಂದ ಎಲ್ಲಿಯವರೆಗೆ ಎಷ್ಟು ದಪ್ಪ ಎಂದು ಕೇಳು. ಉತ್ತರ ಕೊಡಲು ಬೇಸರಪಡುವವರಿಂದ ಕೊಳ್ಳಬೇಡ.

ಇನ್ನು ನಿನ್ನ 48 ಸಾಮಾನಿನ ಡಬ್ಬಿ. ಅದರಲ್ಲಿ 40ನ್ನು ಮುಚ್ಚಿಡು. 12ನೇ ಶತಮಾನದ ಮಾದಾರ ಚೆನ್ನಯ್ಯನವರ ವಚನಗಳ ಅಂಕಿತದಲ್ಲೇ ಅವರ ಕಸುಬಿನ ಸಾಮಾನಿದೆ: ಕೈಯುಳಿ, ಕತ್ತಿ, ಅಡಿಗುಂಟ. ಚುಚ್ಚುವುದೊಂದು, ಕತ್ತರಿಸುವುದೊಂದು, ಕೆಳಗೆ ಆಧಾರವಾಗಿ ಇಡುವುದೊಂದು. 800 ವರ್ಷ ಕಳೆದರೂ ನಮ್ಮ ಕೆಲಸ ಈ ಮೂರರಾಚೆ ಹೋಗಿಲ್ಲ. ನೀನು ಕೊಳ್ಳುವ ಪ್ರತಿ ಸಾಮಾನಿಗೂ ಈ ಪ್ರಶ್ನೆ ಹಾಕು: ಇದು ಉಳಿಯೋ, ಕತ್ತಿಯೋ, ಅಡಿಗುಂಟವೋ? ಸೂಜಿ, ದಾರ, ಅಂಟಿನಂಥ ಸಣ್ಣಪುಟ್ಟದ್ದು ಬಿಟ್ಟರೆ, ಮೂರೂ ಅಲ್ಲದ್ದು ಸದ್ಯಕ್ಕೆ ಬೇಡ.

ಕತ್ತಿ: ಬ್ಲೇಡು ಬದಲಾಯಿಸುವ ಕಟರ್ ಮತ್ತು ಉಕ್ಕಿನ ಅಳತೆಪಟ್ಟಿ ಸಾಕು. ಅಂಚು ತೆಳು ಮಾಡಲು ರಂಪಿಗೆ ಬೇಕಾಗುತ್ತದೆ, ರಾಪಿ ಅಂದರೂ ಅದೇ. ಚಪ್ಪಲಿ ರಿಪೇರಿ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುವ ಸಾದಾ ರಂಪಿಗೆ ಹೊಳೆಯುವ ವಿದೇಶಿ ಕತ್ತಿಗೆ ಏನೂ ಕಡಿಮೆಯಲ್ಲ, ಮಸೆಯಲು ಕಲಿತರೆ. ಮೊಂಡು ಕತ್ತಿಗೆ ಜೋರು ಹಾಕಬೇಕು, ಜೋರು ಹಾಕಿದಾಗಲೇ ಜಾರಿ ಬೆರಳು ಕೊಯ್ಯುವುದು. ನಿನ್ನ ಮೊದಲ ತುಂಡು ತೊಗಲನ್ನು ಒಂದು ಹಲಗೆಗೆ ಅಂಟಿಸಿ, ಹಸಿರು ಪಾಲಿಶ್ ಸಾಬೂನು ಉಜ್ಜಿ, ಕತ್ತಿ ಸವರುವ ಪಟ್ಟಿ ಮಾಡಿಕೋ. ನಿನ್ನ ಕೈಯ ಮೊದಲ ಸಾಮಾನು ಅದೇ ಆಗಲಿ.

ಉಳಿ: ಸಾಲಾಗಿ ತೂತು ಹಾಕುವ ಹಲ್ಲಿನ ಉಳಿ, ಎರಡು ಹಲ್ಲಿನದೊಂದು, ನಾಲ್ಕೋ ಆರೋ ಹಲ್ಲಿನದೊಂದು, ನಡುವಿನ ಅಂತರ 4 ಮಿ.ಮೀ. ದುಡ್ಡು ಸುರಿಯುವುದಾದರೆ ಇಲ್ಲಿ ಸುರಿ. ಹಲ್ಲುಗಳ ಒಳಬದಿ ನಯವಾಗಿರಬೇಕು. ಒರಟಾಗಿದ್ದರೆ ತೊಗಲಿನಿಂದ ಕಿತ್ತುಬರುವುದೇ ಇಲ್ಲ. ಬಡಿಯಲು ಮರದ ಕೊಡತಿ. ಕಬ್ಬಿಣದ ಸುತ್ತಿಗೆ ಬಡಿದರೆ ಉಳಿಯ ತಲೆ ಹರಡಿಕೊಳ್ಳುತ್ತದೆ.

ಅಡಿಗುಂಟ: ಇದಕ್ಕೆ ಒಂದು ಪೈಸೆಯೂ ಬೇಡ. ಅಡುಗೆಕಟ್ಟೆಗೆ ಕಲ್ಲು ಕೂರಿಸುವವರ ಹತ್ತಿರ ಗ್ರಾನೈಟಿನ ತುಂಡು ಬಿದ್ದಿರುತ್ತದೆ. ಜಿಗಣಿಯ ಕಡೆ ಹೋದರೆ ರಾಶಿಯೇ ಇದೆ. ಒಂದಡಿ ಚೌಕದ ತುಂಡು ತಂದು ಕೆಳಗೆ ಹಳೆಯ ಗೋಣಿತಟ್ಟು ಹಾಸು. ಮೇಲೆ ಕತ್ತರಿಸುವ ಮ್ಯಾಟ್. ಬರೀ ಕಲ್ಲಿನ ಮೇಲೆ ಉಳಿ ಬಡಿದೀಯಾ, ಹಲ್ಲು ಮುರಿದೀತು.

ಸೂಜಿ ಎರಡು ಬೇಕು, ತುದಿ ಮೊಂಡಾಗಿರುವುದು. ದಾರದ ಎರಡು ಕೊನೆಗೂ ಒಂದೊಂದು ಸೂಜಿ. ಒಂದೇ ತೂತಿನಲ್ಲಿ ಎರಡೂ ಕಡೆಯಿಂದ ದಾಟಬೇಕು. ಮಿಷನ್ನಿನ ಹೊಲಿಗೆಯಲ್ಲಿ ಒಂದು ಎಳೆ ಹೋದರೆ ಪಕ್ಕದ್ದೂ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ. ಇದರಲ್ಲಿ ಒಂದು ಎಳೆ ಹರಿದರೂ ಇನ್ನೊಂದು ಹಿಡಿದಿರುತ್ತದೆ. ಕೈಹೊಲಿಗೆಯ ಬೆಲೆ ಅಲ್ಲಿದೆ. ಮೇಣ ಹಚ್ಚಿದ ಪಾಲಿಯೆಸ್ಟರ್ ದಾರ ತೆಗೆದುಕೋ: ಪಾಕೀಟಿಗೆ 0.6 ಮಿ.ಮೀ., ಬೆಲ್ಟಿಗೂ ಚೀಲಕ್ಕೂ 0.8. ಹೊಲಿಗೆಯ ಉದ್ದದ ನಾಲ್ಕು ಪಟ್ಟು ದಾರ ಕತ್ತರಿಸು. ಮೇಣವಿಲ್ಲದ ದಾರ ಸಿಕ್ಕಿದರೆ ಜೇನುಮೇಣದ ಉಂಡೆಯ ಮೇಲೆ ಎರಡು ಸಲ ಎಳೆ.

ಅಂಟಿಗೆ ಫೆವಿಕಾಲ್ ಎಸ್ಆರ್ 998ರಂಥ ಸಿಂಥೆಟಿಕ್ ರಬ್ಬರ್ ಅಂಟು ಸಣ್ಣ ಡಬ್ಬಿಯಲ್ಲಿ ಸಿಗುತ್ತದೆ. ಎರಡೂ ಬದಿಗೆ ತೆಳ್ಳಗೆ ಬಳಿದು, ಕೈಗೆ ಅಂಟದಷ್ಟು ಒಣಗಿದ ಮೇಲೆ ಒತ್ತು. ಕಿಟಕಿ ತೆರೆದಿಡು, ಆ ಆವಿ ತಲೆಗೇರುತ್ತದೆ. ಅಂಚಿಗೆ 400, ಆಮೇಲೆ 800 ನಂಬರಿನ ಉಪ್ಪುಕಾಗದ. ವಿದೇಶದ ಪುಸ್ತಕಗಳಲ್ಲಿ ಅಂಚಿಗೆ ಟ್ರಾಗಕಾಂತ್ ಎಂಬ ಗೋಂದು ಹಚ್ಚಲು ಹೇಳುತ್ತಾರೆ. ಅದಕ್ಕಾಗಿ ಪಾರ್ಸೆಲ್ ಕಾಯಬೇಡ. ಬೇಸಿಗೆಯಲ್ಲಿ ಶರಬತ್ತಿಗೆ ಹಾಕುವ ಗೋಂದ್ ಕತೀರಾವನ್ನು ಗ್ರಂಧಿಗೆ ಅಂಗಡಿಯಿಂದ ತಂದು ರಾತ್ರಿ ನೆನೆಸಿದರೆ ಬೆಳಗ್ಗೆ ಲೋಳೆ ಸಿದ್ಧ. ಅಂಚಿಗೆ ಸವರಿ, ಹಳೆಯ ಜೀನ್ಸ್ ಬಟ್ಟೆಯಿಂದ ಬಿಸಿಯಾಗುವವರೆಗೆ ಉಜ್ಜು. ಮುಗಿಸುವಾಗ ಜೇನುಮೇಣ. ಮೈಗೆ ಎಣ್ಣೆ ಬೇಕಾದರೆ ನಮ್ಮ ಕಡೆ ಹೊಸ ಚಪ್ಪಲಿಗೆ ಹಚ್ಚುವ ಹರಳೆಣ್ಣೆ ಸಾಕು, ಬಟ್ಟೆಯಲ್ಲಿ ಅದ್ದಿ ತೆಳ್ಳಗೆ. ಹೆಚ್ಚಾದರೆ ಜೋಲುತ್ತದೆ.

ಬಕಲ್, ಟಿಚ್ ಬಟನ್, ರಿವಿಟ್ಟಿನಲ್ಲಿ ಮೋಸ ಜಾಸ್ತಿ. ಆಯಸ್ಕಾಂತ ಹಿಡಿದು ಅಂಟಲಿಲ್ಲವಾದರೆ ಹಿತ್ತಾಳೆ ಎಂದು ನಂಬಬೇಡ. ಸತುವಿನ ಮಿಶ್ರಲೋಹವೂ ಅಂಟುವುದಿಲ್ಲ. ಕೈಯಲ್ಲಿ ತೂಗಿ ನೋಡು, ಹಿತ್ತಾಳೆ ಭಾರ. ಹಿಂಬದಿಯಲ್ಲಿ ಸಣ್ಣಗೆ ಗೀರಿದರೆ ಒಳಗೂ ಹಳದಿ ಇರಬೇಕು. ಬೆಲ್ಟಿನ ಅಗಲ ಮತ್ತು ಬಕಲಿನ ಒಳ ಅಗಲ ಒಂದೇ ಇರಲಿ. ಬಕಲ್ ಕೊಂಡ ಮೇಲೆ ಪಟ್ಟಿ ಕತ್ತರಿಸು. ಟಿಚ್ ಬಟನ್ ಕೊಂಡ ಅಂಗಡಿಯಲ್ಲೇ ಅದೇ ಅಳತೆಯ ಹೊಡೆಯುವ ಉಳಿಯನ್ನೂ ತೆಗೆದುಕೋ.

ತಂದ ತೊಗಲನ್ನು ಪ್ಲಾಸ್ಟಿಕ್ ಕವರಿನಲ್ಲಿ ಇಡಬೇಡ, ಮಳೆಗಾಲದಲ್ಲಿ ಬೂಷ್ಟು ಬರುತ್ತದೆ. ಮಡಿಸಬೇಡ, ಮುಖ ಹೊರಗಾಗಿ ಸುರುಳಿ ಸುತ್ತಿ, ಹಳೆಯ ಪಂಚೆಯಲ್ಲಿ ಕಟ್ಟಿ, ಬಿಸಿಲು ತಾಗದ ಕಡೆ ಇಡು. ಒದ್ದೆ ವೆಜ್ ಟ್ಯಾನಿನ ಮೇಲೆ ಕಬ್ಬಿಣ ಇಟ್ಟೀಯಾ ಜೋಕೆ, ಮಸಿಯಂಥ ಕಪ್ಪು ಕಲೆ ಬೀಳುತ್ತದೆ. ತೊಗಟೆಯ ಒಗರಿಗೂ ಕಬ್ಬಿಣಕ್ಕೂ ಆಗುವ ಈ ಜೋಡಿಯಿಂದಲೇ ಕಲಂಕಾರಿಯವರು ಅಳಲೆಕಾಯಿ ಹಚ್ಚಿದ ಬಟ್ಟೆಯ ಮೇಲೆ ಕಪ್ಪು ಗೆರೆ ಎಳೆಯುವುದು. ಅವರಿಗೆ ವರವಾದದ್ದು ನಿನಗೆ ಶಾಪ.

ಕೊನೆಯ ಮಾತು, ಇದಕ್ಕೆ ದುಡ್ಡು ಬೇಕಿಲ್ಲ. ನಾನು ಹುಡುಗನಾಗಿದ್ದಾಗ ನಮ್ಮ ಮನೆಯ ಸಾಮಾನು ಎಲ್ಲರಿಗೂ ಬೇಕಿತ್ತು, ನಮ್ಮ ಕೈ ಮುಟ್ಟುವುದು ಬೇಡವಾಗಿತ್ತು. ಬಸವಣ್ಣನವರಿಗೆ ತಮ್ಮ ತೊಡೆಯ ಚರ್ಮದಲ್ಲೇ ಮೆಟ್ಟು ಹೊಲಿದು ತಂದ ಹರಳಯ್ಯ, ಕಲ್ಯಾಣಮ್ಮನವರ ಕಥೆಯನ್ನು ಭಕ್ತಿಯಿಂದ ಕೇಳಿದವರೇ ನಮಗೆ ದೂರದಿಂದ ಕಾಸು ಎಸೆಯುತ್ತಿದ್ದರು. ಈಗ ಅದೇ ಕೆಲಸವನ್ನು ನಿನ್ನಂಥ ಓದಿದ ಮಕ್ಕಳು ಆಸೆಪಟ್ಟು ಕಲಿಯುತ್ತಿರುವುದು ನನಗೆ ಸಂತೋಷವೇ. ಆದರೆ ನಿನ್ನ ಅಪಾರ್ಟ್‌ಮೆಂಟಿನ ತಿರುವಿನಲ್ಲಿ, ಮರದ ಕೆಳಗೆ ಚಪ್ಪಲಿ ಹೊಲಿಯುವ ಹಿರಿಯರೊಬ್ಬರು ಕೂತಿದ್ದಾರಲ್ಲ, ಅವರನ್ನು ದಾಟಿಕೊಂಡು ಗುರು ಹುಡುಕಲು ಹೋಗಬೇಡ. ಯಾವ ಅಂಗಡಿಯಲ್ಲಿ ಗಟ್ಟಿ ದಾರ, ಯಾರ ಹತ್ತಿರ ಒಳ್ಳೆಯ ತುಂಡು, ಎಲ್ಲ ಅವರಿಗೆ ಗೊತ್ತು. 'ನೀವು' ಎಂದು ಮಾತಾಡಿಸು. ಅವರ ಎದುರು ನಿಂತು ಕೇಳಬೇಡ, ಪಕ್ಕದಲ್ಲಿ ಕುಳಿತು ಕೇಳು. ಅವರ ಹೊತ್ತು ತೆಗೆದುಕೊಂಡದ್ದಕ್ಕೆ ಏನಾದರೂ ಕೆಲಸ ಕೊಟ್ಟು, ಕೇಳಿದಷ್ಟು ಕೂಲಿ ಕೊಡು.

ಮುಂದಿನ ಬೆಲ್ಟು ಮುಗಿದಾಗ ನನ್ನ ಹತ್ತಿರ ತರುವ ಮುಂಚೆ ಅವರ ಕೈಗೆ ಕೊಡು. "ಚೆನ್ನಾಗಿದೆಯಾ" ಎಂದು ಕೇಳಬೇಡ, ಸುಮ್ಮನೆ ಅವರ ಕೈ ನೋಡುತ್ತಿರು. ಅವರು ಅದನ್ನು ಮೊದಲು ತಿರುವಿ ಹಾಕುತ್ತಾರೆ.